ಓಣ್ಯಾಗ ಅದಾಳ

ಪತ್ರಿಕೆಯ ಶ್ರದ್ಧಾಂಜಲಿ ಪುಟವನ್ನು ದಿನಾ ಓದುವವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಗಂಡಸರು ಸತ್ತ ಮೇಲೂ ಬೇರೆಬೇರೆಯಾಗಿಯೇ ಉಳಿಯುತ್ತಾರೆ. ಒಬ್ಬರು ನಿವೃತ್ತ ತಹಶೀಲ್ದಾರರು, ಒಬ್ಬರು ಅಡತಿ ವ್ಯಾಪಾರಸ್ಥರು, ಇನ್ನೊಬ್ಬರು ಪ್ರಗತಿಪರ ರೈತರು. ಹೆಂಗಸರು ಮಾತ್ರ ಸತ್ತ ಮರುದಿನವೇ ಎಲ್ಲರೂ ಒಂದೇ ಆಗಿಬಿಡುತ್ತಾರೆ. ಎಲ್ಲರೂ ತ್ಯಾಗಮಯಿ, ಎಲ್ಲರೂ ಸಹನಾಮೂರ್ತಿ. ಫೋಟೋ ಅದಲುಬದಲಾದರೂ ಮನೆಯವರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ.

ನಮ್ಮವ್ವ ಹೋದಾಗ ಧಾರವಾಡದ ನಮ್ಮ ಓಣಿಯವರು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಒಂದು ಸಂತಾಪ ಸಭೆ ಇಟ್ಟುಕೊಂಡಿದ್ದರು. ಮೈಕು ಸಿಕ್ಕವರೆಲ್ಲ ಅವ್ವನನ್ನು ತ್ಯಾಗಮಯಿ ಮಾಡಿದರು. ಇಡೀ ಜೀವಮಾನವನ್ನು ಸಮಾಜಕ್ಕಾಗಿ ತೇದ ತಾಯಿ ಅಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ನನ್ನ ಕಡೆ ವಾಲಿ, "ತ್ಯಾಗಾ ಮಾಡಿದಾಂವ ನಾನು. ಆಕೀ ಮಜಾ ಮಾಡಿದ್ಲು" ಎಂದರು. ಮಿತಭಾಷಿ ಅಪ್ಪ ಅಷ್ಟು ಉದ್ದದ ಮಾತಾಡಿದ್ದು ಅಪರೂಪ. ಆ ಮಾತಿನಲ್ಲಿ ದೂರು ಇರಲಿಲ್ಲ. ಅರವತ್ತು ವರ್ಷ ಹತ್ತಿರದಿಂದ ನೋಡಿದವರ ಸಾಕ್ಷಿ ಇತ್ತು. ನಾನು ಬರೆಯಬೇಕೆಂದಿರುವುದೂ ಇಷ್ಟೇ: ನಮ್ಮವ್ವ ಏನನ್ನೂ ತ್ಯಾಗ ಮಾಡಲಿಲ್ಲ. ಮಾಡಿದ್ದನ್ನೆಲ್ಲ ಚಟಕ್ಕೆ ಬಿದ್ದು ಮಾಡಿದಳು.

ಸಹನೆಯ ವಿಷಯವೂ ಅಷ್ಟೇ. ಹಾಲು ಕಾಯುವವರೆಗೆ ಒಲೆಯ ಮುಂದೆ ನಿಲ್ಲುವಷ್ಟು ಸಹನೆ ಆಕೆಗಿರಲಿಲ್ಲ. ಹಾಲಿಟ್ಟು, ಹಿತ್ತಲ ಬಾಗಿಲಲ್ಲಿ ನಿಂತು ಪಕ್ಕದ ಮನೆಯವರಿಗೆ ಒಂದೇ ಒಂದು ಮಾತು ಹೇಳಿ ಬರಲು ಹೋಗುತ್ತಿದ್ದಳು. ಒಂದೇ ಮಾತು ಎನ್ನುವುದು ಅವ್ವನ ಲೆಕ್ಕದಲ್ಲಿ ಒಂದು ಕುಟುಂಬದ ಮೂರು ತಲೆಮಾರು. ಅಷ್ಟರಲ್ಲಿ ಹಾಲು ಉಕ್ಕಿ ಹರಿದು ನೆಲ ಸೇರಿರುತ್ತಿತ್ತು. ಮಂದಿಯ ಮನೆಯಲ್ಲಿ ಹಾಲು ಉಕ್ಕುವುದು ಗೃಹಪ್ರವೇಶದ ದಿನ. ನಮ್ಮ ಮನೆಯಲ್ಲಿ ದಿನಾ ಗೃಹಪ್ರವೇಶ.

ಈ ಚಟ ಹತ್ತಿದ್ದು ಎಲ್ಲಿ ಎಂಬುದನ್ನು ಆಕೆಯೇ ಹೇಳುತ್ತಿದ್ದಳು. ಅವ್ವನ ತವರು ಬೀಳಗಿ ಕಡೆಯ ಒಂದು ಹಳ್ಳಿ. ಕಣ್ಣಿನ ಡಾಕ್ಟರು ಎಂ.ಸಿ. ಮೋದಿಯವರು ಬೀಳಗಿಯವರೇ. ದೃಷ್ಟಿ ಕಳಕೊಂಡವರು ಆಸ್ಪತ್ರೆ ಹುಡುಕಿಕೊಂಡು ಬರಲಾರರು, ಆಸ್ಪತ್ರೆಯೇ ಅವರಿದ್ದಲ್ಲಿಗೆ ಹೋಗಬೇಕು ಎಂದು 1943ರಿಂದ ಊರೂರು ತಿರುಗಿ ಶಿಬಿರ ಮಾಡಿದ ಮನುಷ್ಯ. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದರೆಂದು ಗಿನ್ನೆಸ್ ಪುಸ್ತಕ ಅವರ ಹೆಸರು ಬರೆದುಕೊಂಡಿದೆ. ಅವ್ವ ಇನ್ನೂ ಪರಕಾರ ಉಡುವ ವಯಸ್ಸಿನಲ್ಲಿದ್ದಾಗ ಅವರ ಶಿಬಿರವೊಂದು ಆ ಕಡೆಯ ಶಾಲೆಯಲ್ಲಿ ನಡೆಯಿತಂತೆ. ಅವ್ವನ ಅಜ್ಜಿಗೂ ಅಲ್ಲೇ ಪೊರೆ ತೆಗೆಸಿದರು.

ಈಗ ಪೊರೆಯ ಆಪರೇಷನ್ ಎಂದರೆ ಮುಂಜಾನೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರುವ ಕೆಲಸ. ಆಗ ಹಾಗಿರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿ ಸಾಲಾಗಿ ಮಲಗಿಸಿದ ಮೇಲೆ ತಲೆ ಅಲುಗಾಡಿಸುವಂತಿಲ್ಲ. ಕೆಮ್ಮುವಂತಿಲ್ಲ, ಸೀನುವಂತಿಲ್ಲ, ಹೊಲದ ಚಿಂತೆ ಬಂದು ತಟ್ಟನೆ ಎದ್ದು ಕೂಡುವಂತಿಲ್ಲ. ಶಾಲೆಯ ಹುಡುಗಿಯರಿಗೆ ಗಂಜಿ ಕುಡಿಸುವ ಕೆಲಸ ಕೊಟ್ಟಿದ್ದರು. ಉಳಿದ ಹುಡುಗಿಯರು ಕುಡಿಸಿ ಎದ್ದು ಹೋದರು. ಅವ್ವ ಮಾತಿಗೆ ಕೂತಳು. ಮಾತಾಡಿಸುತ್ತಿದ್ದರೆ ಮುದುಕರು ಅಲುಗಾಡದೆ ಮಲಗುತ್ತಾರೆಂಬುದನ್ನು ಯಾರೋ ಡಾಕ್ಟರು ಗಮನಿಸಿ, ಈ ಹುಡುಗಿ ಇಲ್ಲೇ ಇರಲಿ ಬಿಡಿ ಎಂದರಂತೆ. ಮನೆಯಲ್ಲಿ ಹಗಲೆಲ್ಲ ಬೈಸಿಕೊಳ್ಳುತ್ತಿದ್ದ ಚಾಳಿಗೆ ಇಲ್ಲಿ ಡಾಕ್ಟರೇ ಪರವಾನಗಿ ಕೊಟ್ಟಿದ್ದರು. ಪಟ್ಟಿ ಬಿಚ್ಚಿದ ದಿನ, ಕೊನೆಯ ಸಾಲಿನ ಒಬ್ಬ ಮುದುಕಿ ಅವ್ವನನ್ನು ಮೇಲಿಂದ ಕೆಳಗೆ ನೋಡಿ, "ನೀ ಇಷ್ಟ ಸಣ್ಣಾಕಿ ಏನವಾ? ದನೀ ಕೇಳಿ ಯಾವಕೋ ನಾಕ ಮಕ್ಕಳ ತಾಯಿ ಅಂದಕೊಂಡಿದ್ನಿ" ಅಂದಳಂತೆ. ತನಗೆ ಬಂದ ಪ್ರಶಸ್ತಿಗಳಲ್ಲಿ ಅದೇ ದೊಡ್ಡದು ಎಂದು ಅವ್ವ ಕಡೆತನಕ ಹೇಳುತ್ತಿದ್ದಳು.

ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ಮದುವೆಯಾಯಿತು. ಅಪ್ಪ ಕಾಲೇಜೊಂದರಲ್ಲಿ ಕಾರಕೂನ. ಧಾರವಾಡಕ್ಕೆ ಬಂದ ಸೊಸೆಗೆ ಮೊದಲ ಮಳೆಗಾಲ ಭಾರೀ ಬೇಸರ ತಂದಿತಂತೆ. ಜಿಟಿಜಿಟಿ ಮಳೆಗೆ ಎಲ್ಲರ ಬಾಗಿಲೂ ಮುಚ್ಚಿರುತ್ತಿದ್ದವು. ಬೀಳಗಿ ಕಡೆಯ ಬಿಸಿಲಿನಲ್ಲಿ ಬೆಳೆದವಳಿಗೆ ಮುಚ್ಚಿದ ಬಾಗಿಲು ಎಂದರೆ ಒಳಗೆ ಯಾರೋ ಸತ್ತಿದ್ದಾರೆ ಎಂದರ್ಥ. ವಿಚಾರಿಸಿಕೊಂಡು ಬರಲು ಛತ್ರಿ ಹಿಡಿದು ಹೊರಟವಳು ಮತ್ತೆ ಪೂರ್ತಿಯಾಗಿ ಮನೆಯೊಳಗೆ ಬರಲೇ ಇಲ್ಲ. ಯಾರು ಬಂದು ಕೇಳಿದರೂ ಅಪ್ಪ ಪೇಪರಿನಿಂದ ತಲೆ ಎತ್ತದೆ, "ಓಣ್ಯಾಗ ಅದಾಳ" ಎನ್ನುತ್ತಿದ್ದರು. ಮನೆಗೆ ಫೋನು ಬಂದಾಗ ನಮಗೆ ಅವರು ಕಲಿಸಿದ ಮೊದಲ ವಾಕ್ಯವೂ ಅದೇ.

ಹಾಗಾದರೆ ಮಕ್ಕಳ ಗತಿ? ಇಲ್ಲಿ ನನ್ನದೊಂದು ಸಂಶೋಧನೆಯನ್ನು ಮಂಡಿಸಬೇಕು. ಉತ್ತರ ಕರ್ನಾಟಕದ ಹೆಂಗಸರ ಸಮಾಜಸೇವೆಗೆ ಮೂಲ ಕಾರಣ ಕಟಕ ರೊಟ್ಟಿ. ಒಮ್ಮೆ ಬಡಿದು, ಬೇಯಿಸಿ, ಒಣಗಿಸಿ, ಅರಿವೆ ಹಾಸಿದ ಬುಟ್ಟಿಯಲ್ಲಿ ಒಟ್ಟಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು. ಅನ್ನ ಉಣ್ಣುವ ಸೀಮೆಯ ತಾಯಂದಿರಿಗೆ ಈ ಸ್ವಾತಂತ್ರ್ಯವಿಲ್ಲ; ಹೊತ್ತುಹೊತ್ತಿಗೆ ಕುಕ್ಕರು ಅವರನ್ನು ಕೂಗಿ ಕರೆಯುತ್ತದೆ. ಅವ್ವ ನಸುಕಿನಲ್ಲೇ ಬಡಬಡ ರೊಟ್ಟಿ ಬಡಿಯುವ ಸಪ್ಪಳಕ್ಕೆ ನಾವು ಏಳುತ್ತಿದ್ದೆವು. ಆ ಸಪ್ಪಳ ಜೋರಾಗಿದ್ದರೆ ಇವತ್ತು ಓಣಿಯಲ್ಲಿ ಏನೋ ದೊಡ್ಡ ಕೆಲಸವಿದೆ ಎಂದು ಹಾಸಿಗೆಯಲ್ಲೇ ತಿಳಿಯುತ್ತಿತ್ತು.

ಆಕೆ ತಾಯಿಯಾಗಿ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮಾಡುವ ರೀತಿ ಮಾತ್ರ ಬೇರೆ ಇತ್ತು. ನನಗೆ ಟೈಫಾಯ್ಡ್ ಆದಾಗ ಅವ್ವ ನನ್ನ ಮಗ್ಗಲು ಬಿಟ್ಟು ಹೊರಗೆ ಕಾಲಿಡಲಿಲ್ಲ; ಓಣಿಯೇ ಒಳಗೆ ಬಂತು. ನನ್ನ ಹಾಸಿಗೆಯ ಸುತ್ತ ಮಹಿಳಾ ಮಂಡಳದ ಸಭೆ ನಡೆಯಿತು. ಭಿಶಿಯ ಚೀಟಿಯನ್ನು ಜ್ವರ ಬಂದ ಕೂಸಿನ ಕೈಯಿಂದ ಎತ್ತಿಸಿದರೆ ತಕರಾರು ಬರುವುದಿಲ್ಲವೆಂದು ನನ್ನ ಕೈಯಿಂದಲೇ ಎತ್ತಿಸಿದರು. ಅಕ್ಕನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ರಾತ್ರಿಯಿಡೀ ಜೊತೆಗೆ ಎಚ್ಚರ ಕೂತಳು, ಆದರೆ ಇತಿಹಾಸದ ಪುಸ್ತಕವನ್ನು ಅಕ್ಕನಿಗಿಂತ ಮೊದಲು ತಾನೇ ಓದಿ ಮುಗಿಸಿ, "ಪುಲಿಕೇಶಿ ನಮ್ಮ ತವರಿನ ಕಡ್ಯಾಂವ. ಅವನ ಹೇಣ್ತಿ ಯಾರು, ಎಲ್ಲಿಂದ ತಂದಿದ್ರು, ಯಾಕ ಬರದಿಲ್ಲ?" ಎಂದು ಮಧ್ಯರಾತ್ರಿ ಜಗಳ ತೆಗೆದಳು. ಹರ್ಷವರ್ಧನನನ್ನು ಸೋಲಿಸಿದ ಸಂಗತಿ ಆಕೆಗೆ ಅಷ್ಟು ಮುಖ್ಯ ಅನ್ನಿಸಲಿಲ್ಲ.

ಧಾರವಾಡದವರಿಗೆ ನಳದ ನೀರಿನ ಕತೆ ಹೇಳಬೇಕಾಗಿಲ್ಲ. ಬಹಳ ವರ್ಷ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಅದಕ್ಕೂ ತಡವಾಗಿ ನೀರು ಬರುತ್ತಿತ್ತು. ಯಾವ ದಿನ, ಎಷ್ಟು ಹೊತ್ತಿಗೆ ಎಂಬುದು ನೀರು ಬಿಡುವವನಿಗೆ ಗೊತ್ತು, ಅವನ ನಂತರ ನಮ್ಮವ್ವನಿಗೆ ಗೊತ್ತು. ಅವನ ಮಗಳ ಮದುವೆಗೆ ವರ ನೋಡಿದವಳು ಆಕೆಯೇ. ರಾತ್ರಿ ಎರಡು ಗಂಟೆಗೆ ನೀರು ಬಿಟ್ಟರೆ ಅವ್ವ ಒಂದೊಂದೇ ಬಾಗಿಲು ಬಡಿಯುತ್ತ ಹೋಗುತ್ತಿದ್ದಳು. ಗಂಡ ಊರಲ್ಲಿ ಇಲ್ಲದ ಮನೆ, ಬಾಣಂತಿಯ ಮನೆ, ಕಿವಿ ಕೇಳದ ಮಾಸ್ತರರ ಮನೆ — ಇಲ್ಲೆಲ್ಲ ತಾನೇ ಕೊಡ ತುಂಬಿಸಿ ಬರುವುದು. ಬಂದ ಮೇಲೆ ಅರ್ಧ ತಾಸು ಅಪ್ಪನನ್ನು ಎಬ್ಬಿಸಿ ಕೂಡಿಸಿ, ಯಾರ ಮನೆಯಲ್ಲಿ ಏನು ಕಂಡಿತು ಎಂಬ ವರದಿ. 2008ರಲ್ಲಿ ಊರಿನ ಕೆಲವು ವಾರ್ಡುಗಳಿಗೆ ಇಪ್ಪತ್ನಾಲ್ಕು ತಾಸು ನೀರು ಬರತೊಡಗಿತೆಂದು ಸುದ್ದಿಯಾದಾಗ ಎಲ್ಲರೂ ಖುಷಿಪಟ್ಟರು. ಅವ್ವ ಮಾತ್ರ, "ಹಗಲೂ ರಾತ್ರಿ ನೀರು ಬಂದ್ರ ಮಂದಿ ಒಬ್ಬರ ಮಾರಿ ಒಬ್ಬರು ಯಾವಾಗ ನೋಡಬೇಕು?" ಎಂದು ಚಿಂತೆಗೆ ಬಿದ್ದಳು.

1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು. 1990ರಲ್ಲಿ ಕೇರಳದ ಎರ್ನಾಕುಲಂ ಪೂರ್ಣ ಸಾಕ್ಷರ ಜಿಲ್ಲೆ ಎನಿಸಿಕೊಂಡಿತು. ಆ ಗಾಳಿ ನಮ್ಮ ಕಡೆಗೂ ಬೀಸಿದಾಗ, ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆಯ ಹೊತ್ತು ಪಾಟಿ, ಬಳಪ, ಪುಸ್ತಕ ಬಂದು ಬಿದ್ದವು. ತಪ್ಪಲ ಪಲ್ಲೆ ಮಾರುವವರು, ಮನೆಗೆಲಸದವರು, ಗೌಂಡಿಯ ಕೈಕೆಳಗೆ ದುಡಿಯುವವರು ಬಂದು ಕೂತರು. ಅವ್ವ 'ಅಕ್ಕೋರು' ಆದಳು. ಸರಕಾರ ಕೊಟ್ಟ ಪುಸ್ತಕ ಒಂದು ಕ್ರಮದಲ್ಲಿತ್ತು, ಅವ್ವನ ಪಾಠ ಇನ್ನೊಂದು ಕ್ರಮದಲ್ಲಿ. ಮೊದಲು ತನ್ನ ಹೆಸರು, ಆಮೇಲೆ ಊರ ಹೆಸರು, ಆಮೇಲೆ ಬಸ್ಸಿನ ಬೋರ್ಡು. ಎಲ್ಲ ಸುಸೂತ್ರವಾಗಿ ನಡೆದು ಬಂದು ಬ್ಯಾಂಕಿನ ಅರ್ಜಿಯ ಹತ್ತಿರ ನಿಂತಿತು. ಅದರಲ್ಲಿ ಗಂಡನ ಹೆಸರು ಬರೆಯಬೇಕು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೇ? ಮದುವೆಯಲ್ಲಿ ಒಡಪು ಹಾಕಿ ಒಮ್ಮೆ ಹೇಳಿದವರು ಮತ್ತೆ ಆ ಕಡೆ ತಲೆ ಹಾಕಿದವರಲ್ಲ. ಪಡಸಾಲೆ ತಟ್ಟನೆ ಮೌನವಾಯಿತು.

ಅವ್ವ ಸ್ವಲ್ಪ ಹೊತ್ತು ವಿಚಾರ ಮಾಡಿ ತೀರ್ಪು ಕೊಟ್ಟಳು: "ಬಾಯಿಲೆ ಹೇಳಿದ್ರ ಆಯುಷ್ಯ ಕಡಿಮಿ ಆಗತೈತಿ ಅಂತ ಹೇಳ್ಯಾರ ಹೌದಿಲ್ಲೋ? ಕೈಲೆ ಬರದ್ರ ಏನಾಗತೈತಿ ಅಂತ ಯಾವ ಹಿರ್ಯಾರೂ ಹೇಳಿಲ್ಲ. ಬರೀರಿ."

ಆ ವಾರ ನಮ್ಮ ಪಡಸಾಲೆಯ ತುಂಬ ಗಂಡಂದಿರು. ಮಕ್ಕಳನ್ನು ಕರೆತಂದು, ಅವರ ಬಾಯಿಂದ ಅಪ್ಪನ ಹೆಸರು ಹೇಳಿಸಿ, ಅದನ್ನು ಅವ್ವ ಹಲಗೆಯ ಮೇಲೆ ಬರೆದು ತೋರಿಸಬೇಕು. ಪಲ್ಲೆ ಮಾರುವಾಕೆ ಒಬ್ಬಳಿದ್ದಳು, ಐವತ್ತರ ಆಸುಪಾಸು. ಗಂಡ ಭಾರೀ ಗಡಸು ಮನುಷ್ಯ, ಅವನು ಬಂದರೆ ಓಣಿಯ ನಾಯಿಯೂ ಸರಿದು ನಿಲ್ಲುತ್ತಿತ್ತು. ಆಕೆ ಬಳಪ ಒತ್ತಿ ಒತ್ತಿ ಬರೆದಳು. ದೂರ ಹಿಡಿದು ನೋಡಿದಳು. ಬೆರಳಿಗೆ ಉಗುಳು ಹಚ್ಚಿ ಒಂದು ಕೊಂಬು ಅಳಿಸಿ ಮತ್ತೆ ತಿದ್ದಿದಳು. ಆಮೇಲೆ ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು, "ಅಕ್ಕೋರ, ಇಷ್ಟ ಸಣ್ಣದೇನ್ರಿ ಇವರ ಹೆಸರು? ಎರಡ ಅಕ್ಷರಕ್ಕ ಮೂವತ್ತ ವರ್ಷ ಅಂಜಿದ್ನ್ಯಾ?" ಅಂದಳು. ಪಡಸಾಲೆ ನಕ್ಕ ನಗೆಗೆ ಒಳಗಿದ್ದ ಅಪ್ಪ ಪೇಪರು ಮಡಚಿ ಎದ್ದು ಬಂದರು. ಅವತ್ತಿನಿಂದ ಆ ಓಣಿಯ ಗಂಡಂದಿರಿಗೆ ನಮ್ಮವ್ವನ ಮೇಲೆ ಒಂದು ಕಣ್ಣು ಇದ್ದೇ ಇತ್ತು.

1995ರಲ್ಲಿ ಪಲ್ಸ್ ಪೋಲಿಯೊ ಬಂತು. ಭಾನುವಾರ ಬೂತು, ಆಮೇಲೆ ಮನೆಮನೆಗೆ ಹೋಗುವುದು. ನರ್ಸಬಾಯಿಯ ಹತ್ತಿರ ಸರಕಾರದ ಪಟ್ಟಿ ಇರುತ್ತಿತ್ತು, ಅವ್ವನ ತಲೆಯಲ್ಲಿ ಅಸಲು ಪಟ್ಟಿ. ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಯಾರ ಮನೆಗೆ ಗದಗಿನಿಂದ ನೆಂಟರು ಬಂದಿದ್ದಾರೆ, ಅವರ ಜೊತೆ ಐದು ವರ್ಷದೊಳಗಿನವು ಎಷ್ಟು, ಇದೆಲ್ಲ ಯಾವ ರಿಜಿಸ್ಟರಿನಲ್ಲಿ ಸಿಗಬೇಕು? ಲಸಿಕೆಯ ಸೀಸೆಯ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಒಂದು ಚೌಕ. ಚೌಕ ಬೆಳ್ಳಗಿದ್ದರೆ ಲಸಿಕೆ ಸರಿಯಾಗಿದೆ. ಬಿಸಿ ತಾಗಿ ಅದೂ ವೃತ್ತದಷ್ಟೇ ಕಪ್ಪಾದರೆ ಎಸೆಯಬೇಕು. ನರ್ಸಬಾಯಿ ನೋಡಿದ್ದನ್ನು ಅವ್ವ ಕನ್ನಡಕ ಏರಿಸಿ ಇನ್ನೊಮ್ಮೆ ನೋಡದೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಹನಿ ಬಿದ್ದ ಕೂಸಿನ ಎಡಗೈ ಕಿರುಬೆರಳಿಗೆ ಮಸಿ ಹಚ್ಚುವುದು ಮಾತ್ರ ತನ್ನದೇ ಹಕ್ಕು ಎಂದು ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಎಲ್ಲ ಮಕ್ಕಳಿಗೂ ಹನಿ ಹಾಕಿದ ಮನೆಯ ಗೋಡೆಗೆ 'ಪಿ' ಗುರುತು, ಯಾವುದಾದರೂ ಕೂಸು ತಪ್ಪಿದ್ದರೆ 'ಎಕ್ಸ್'. ತನ್ನ ಓಣಿಯಲ್ಲಿ ಎಕ್ಸ್ ಇರುವುದೆಂದರೆ ಅವ್ವನಿಗೆ ಮಾನ ಹೋದಷ್ಟು ಸಂಕಟ. ಒಮ್ಮೆ ಒಬ್ಬ ತಂದೆ ಬಾಗಿಲಿಗೆ ಅಡ್ಡ ನಿಂತ. ಹನಿ ಹಾಕಿಸಿಕೊಂಡ ಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ ಎಂದು ಯಾರೋ ಕಿವಿಯೂದಿದ್ದರು. ನರ್ಸಬಾಯಿ ಸರಕಾರದ ಸುತ್ತೋಲೆ ಓದಿ ಹೇಳಿದರು, ಅವನು ಕದಲಲಿಲ್ಲ. ಅವ್ವ ಅವನ ಮನೆಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಬಿಚ್ಚಿದಳು. "ನೀವು ಅಣ್ಣತಮ್ಮಂದಿರು ಆರು ಮಂದಿ. ಹಂಗೇನರ ಈ ಹನಿಗೆ ಆ ಗುಣ ಇದ್ದಿದ್ರ ನಿಮ್ಮವ್ವಗ ಎರಡ ಹಾಕಿಸಿ ಪುಣ್ಯಾ ಕಟ್ಟಿಕೊಳ್ತಿದ್ನಿ" ಅಂದಳು. ಒಳಗಿನಿಂದ ಅವನ ತಾಯಿಯೇ ಬಿದ್ದುಬಿದ್ದು ನಕ್ಕಳು. ಸಂಜೆಯೊಳಗೆ ಎಕ್ಸ್ ಅಳಿಸಿ ಪಿ ಆಯಿತು.

2011ರ ಜನವರಿ 13ರಂದು ಹೌರಾದಲ್ಲಿ ಕಂಡ ಕೂಸಿನದೇ ದೇಶದ ಕಡೆಯ ಪ್ರಕರಣವಾಯಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಅವತ್ತು ಅವ್ವ ಲೈನ್ ಬಜಾರಿನಿಂದ ಫೇಡೆ ತರಿಸಿ ಓಣಿಗೆಲ್ಲ ಹಂಚಿದಳು, ತಾನೇ ಖುದ್ದು ಹೋಗಿ ಓಡಿಸಿ ಬಂದವರ ಗತ್ತಿನಲ್ಲಿ. ರಾತ್ರಿಯ ಹೊತ್ತಿಗೆ ಮುಖ ಸಪ್ಪಗಾಯಿತು. "ಹಂಗಾರ ಇನ್ನ ಬೂತು ಬಂದ್ ಏನ?" ಇಲ್ಲವ್ವಾ, ಪಕ್ಕದ ದೇಶಗಳಲ್ಲಿ ಇನ್ನೂ ಇದೆ, ಹನಿ ಹಾಕುವುದು ನಿಲ್ಲುವುದಿಲ್ಲ ಎಂದು ಹೇಳಿದ ಮೇಲೆ ಊಟ ಸೇರಿತು.

ಇನ್ನು ಪಾತ್ರೆಗಳ ವಿಷಯ. ಭಿಶಿಯಲ್ಲಿ ಉಳಿದ ದುಡ್ಡಿನಿಂದ ಮಹಿಳಾ ಮಂಡಳ ಕೊಪ್ಪರಿಗೆ, ಬೋಗಾಣಿ, ಪರಾತ, ತಾಟು, ಸೌಟು, ಝಾರಾ ಕೊಂಡಿತ್ತು. ಬಡವರ ಮನೆಯ ಮದುವೆ, ಕುಬುಸ, ತೊಟ್ಟಿಲಿಗೆ ಬಾಡಿಗೆಯಿಲ್ಲದೆ ಕೊಡುವುದು. ನಮ್ಮ ಮನೆಯ ಹಿಂದಿನ ಖೋಲಿ ಗೋದಾಮಾಯಿತು. ಲೆಕ್ಕದ ವಹಿ ಅವ್ವನ ಹತ್ತಿರ. ಯಾರು ಒಯ್ದರು, ಯಾವಾಗ ಒಯ್ದರು ಎನ್ನುವುದಕ್ಕಿಂತ ಯಾಕೆ ಒಯ್ದರು ಎಂಬುದೇ ಅದರಲ್ಲಿ ಹೆಚ್ಚು. 'ಎರಡು ಬೋಗಾಣಿ. ಹುಡುಗಿಗೆ ಹುಡುಗ ಒಪ್ಪಿಲ್ಲ, ಆದರೂ ಮಾಡತಾರ' ಎಂದು ಒಂದು ಕಡೆ. 'ಪರಾತ ಒಂದು. ತಿರುಗಿ ಬಂತು, ಅದರೊಳಗ ಹೋಳಿಗಿ ಎಂಟು, ಹೂರಣಕ್ಕ ಬೆಲ್ಲ ಕಡಿಮಿ' ಎಂದು ಇನ್ನೊಂದು ಕಡೆ. ಪಾತ್ರೆ ಒಯ್ಯಲು ಬಂದವರು ಚಹಾ ಕುಡಿಯದೆ ಹೋಗುವಂತಿಲ್ಲ. ಚಹಾ ಮುಗಿಯುವುದರೊಳಗೆ ಮದುವೆಯ ಖರ್ಚು, ಸಾಲ, ಬೀಗರ ಬೇಡಿಕೆ ಎಲ್ಲ ಹೊರಬಿದ್ದಿರುತ್ತಿತ್ತು. ಎಷ್ಟೋ ಮದುವೆಗಳಲ್ಲಿ ಬೀಗರ ಬೇಡಿಕೆ ಆಮೇಲೆ ಸದ್ದಿಲ್ಲದೆ ಇಳಿದಿದೆ. ಹೇಗೆ ಇಳಿಯಿತೆಂದು ಅಪ್ಪನನ್ನು ಕೇಳಿದರೆ, "ಆಕೀ ಅವರ ಓಣಿಗೂ ಹೋಗಿದ್ಲು" ಎನ್ನುತ್ತಿದ್ದರು.

ನಾನು ಬೆಂಗಳೂರಿಗೆ ಬಂದು ಅಪಾರ್ಟ್‌ಮೆಂಟಿನಲ್ಲಿ ಮನೆ ಮಾಡಿದಾಗ, ಮೊಮ್ಮಗಳನ್ನು ನೋಡಿಕೊಳ್ಳಲು ಅವ್ವ ಬಂದಳು. ಇಲ್ಲಿ ಮಳೆ ಇರಲಿ ಬಿಸಿಲಿರಲಿ ಬಾಗಿಲು ಮುಚ್ಚಿಯೇ ಇರುತ್ತದೆ. ಮೊದಲೆರಡು ದಿನ ಬಾಲ್ಕನಿಯಲ್ಲಿ ನಿಂತು ನಿಟ್ಟುಸಿರು ಬಿಟ್ಟಳು. ಮೂರನೆಯ ದಿನ ಮೊಮ್ಮಗಳ ಕೈಯಲ್ಲಿ ಒಗ್ಗರಣೆ ಚುರುಮುರಿಯ ಡಬ್ಬಿ ಕೊಟ್ಟು ಒಂದೊಂದೇ ಗಂಟೆ ಒತ್ತಿಸಿದಳು. ಮಗು ನಿಂತಿದ್ದರೆ ಯಾರೂ ಬಾಗಿಲು ತೆರೆಯದೆ ಇರುವುದಿಲ್ಲ ಎಂಬುದು ಪೋಲಿಯೊ ಬೂತಿನ ಅನುಭವ. ತಿಂಗಳೊಳಗೆ ವಾಚ್‌ಮನ್ ರೋಣದ ಕಡೆಯವನೆಂದೂ, ನಾಲ್ಕನೇ ಮಹಡಿಯ ಬಂಗಾಲಿ ಹುಡುಗಿಗೆ ತವರಿನ ನೆನಪಾಗಿ ಅಳುತ್ತಾಳೆಂದೂ, ನಮ್ಮ ಎದುರು ಮನೆಯವರು ನಮ್ಮನ್ನು ಜಂಬದವರೆಂದು ತಿಳಿದಿದ್ದರೆಂದೂ ನಮಗೆ ಗೊತ್ತಾಯಿತು. ಬಂಗಾಲಿ ಹುಡುಗಿಗೆ ಕನ್ನಡ ಬರುವುದಿಲ್ಲ, ಅವ್ವನಿಗೆ ಬೇರೇನೂ ಬರುವುದಿಲ್ಲ. ಇಬ್ಬರೂ ತಾಸುಗಟ್ಟಲೆ ಮಾತಾಡುತ್ತಿದ್ದರು.

ಮೊಮ್ಮಗಳಿಗೆ ಆಯಿ ಎಂದರೆ ಜೀವ. ಆಯಿ ಕತೆ ಹೇಳುತ್ತಿದ್ದಳು, ಆದರೆ ರಾಜಕುಮಾರಿಯರ ಕತೆ ಅಲ್ಲ, ಓಣಿಯ ಕತೆ. ಅವು ಮುಗಿಯುತ್ತಲೂ ಇರಲಿಲ್ಲ, ಯಾಕೆಂದರೆ ಪಾತ್ರಗಳೆಲ್ಲ ಇನ್ನೂ ಬದುಕಿದ್ದವು. ಮುಂದಿನ ಕಂತಿಗೆ ಧಾರವಾಡಕ್ಕೆ ಫೋನು ಹಚ್ಚಬೇಕಾಗುತ್ತಿತ್ತು.

ವಯಸ್ಸಾಗಿ ಕಾಲು ಸೋತ ಮೇಲೆ ಅವ್ವ ಕೂತಲ್ಲೇ ಮಾಡುವ ಕೆಲಸ ಹುಡುಕಿಕೊಂಡಳು: ನೇತ್ರದಾನದ ಅರ್ಜಿ ತುಂಬಿಸುವುದು. ಬೀಳಗಿಯ ಶಾಲೆಯಲ್ಲಿ ಶುರುವಾದದ್ದು ಹೀಗೆ ಸುತ್ತಿ ಮತ್ತೆ ಕಣ್ಣಿಗೇ ಬಂದು ನಿಂತಿತು. ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ನೇತ್ರದಾನ ಪಾಕ್ಷಿಕ. ಆ ದಿನಗಳಲ್ಲಿ ನಮ್ಮ ಮನೆಯ ಮುಂದೆ ಹಾದುಹೋಗಲು ಜನ ಹೆದರುತ್ತಿದ್ದರು. ತೆಗೆಯುವುದು ಇಡೀ ಮುಖ ಕೆಡಿಸಿ ಅಲ್ಲ, ಅರ್ಧ ತಾಸಿನ ಕೆಲಸ. ಬೇಕಾದದ್ದು ಕಣ್ಣಿನ ಮುಂದಿನ ಕಾಜಿನಂಥ ಪಾರಪಟಲ. ಕನ್ನಡಕ ಹಾಕಿದವರೂ, ಪೊರೆ ತೆಗೆಸಿಕೊಂಡವರೂ ಕೊಡಬಹುದು — ಎಲ್ಲ ಬಾಯಿಪಾಠ. ಒಬ್ಬ ಹಿರಿಯರು, ಈ ಜನ್ಮದಲ್ಲಿ ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ಟುತ್ತೇವಲ್ಲ ಎಂದು ಶಂಕೆ ತೆಗೆದರು. "ಕಾಕಾ, ಮುಂದಿನ ಜನ್ಮದಾಗ ಮನಷ್ಯಾರಾಗೇ ಹುಟ್ಟತೀವಿ ಅಂತ ನಿಮಗ ಯಾರು ಬರದ ಕೊಟ್ಟಾರ? ಎರ‍್ಹಿಹುಳ ಆದ್ರ ಕಣ್ಣ ತಗೊಂಡ ಏನ್ ಮಾಡತೀರಿ?" ಎಂದು ಅವ್ವ ಅರ್ಜಿ ಮುಂದಿಟ್ಟಳು. ಅದಕ್ಕೂ ಬಗ್ಗದವರಿಗೆ ಒಂದೇ ಅಸ್ತ್ರ: "ರಾಜಕುಮಾರ ಕೊಟ್ಟು ಹೋದಾರ. ನಿನ್ನ ಕಣ್ಣೇನ ಅವರ ಕಣ್ಣಿಗಿಂತ ಚಂದ ಅದಾವ?" 2021ರಲ್ಲಿ ಪುನೀತ್ ಹೋದಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆ ತಿಂಗಳು ಓಣಿಯ ಹುಡುಗರು ತಾವಾಗಿ ಬಂದು ಅರ್ಜಿ ಕೇಳಿದರು. ಅವ್ವ ಕಣ್ಣೀರು ಒರೆಸಿಕೊಳ್ಳುತ್ತಲೇ ಸಹಿ ಎಲ್ಲಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದಳು.

ಅವ್ವ ಹೋದದ್ದು ಶ್ರಾವಣದ ಒಂದು ನಸುಕಿನಲ್ಲಿ, ನಿದ್ದೆಯಲ್ಲೇ. ನಾವು ಊರಿಗೆ ಬಂದಿದ್ದೆವು. ಅಪ್ಪ ನನ್ನನ್ನು ಎಬ್ಬಿಸಿ, ಅಳುವುದಕ್ಕೂ ಮೊದಲು ತಿಜೋರಿಯ ಬಾಗಿಲು ತೆರೆದು ತೋರಿಸಿದರು. ಒಳಬದಿಗೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುವಿ ಅಂಟಿಸಿತ್ತು. ದಪ್ಪ ಅಕ್ಷರ, ಮುಲ್ಕಿ ಪಾಸಾದ ಕೈಬರಹ.

'ಫ್ಯಾನ್ ಬಂದ್ ಮಾಡ್ರಿ. ತಲಿ ಕೆಳಗ ಎರಡ ದಿಂಬ ಇಡ್ರಿ. ಕಣ್ಣ ಮುಚ್ಚಿ ಮ್ಯಾಲ ಹಸಿ ಹತ್ತಿ ಇಡ್ರಿ. ಈ ನಂಬರಿಗೆ ಫೋನ್ ಹಚ್ಚರಿ, ಆರ ತಾಸಿನ್ಯಾಗ ಬರಬೇಕು. ಅಳೂದು ಆಮ್ಯಾಲ. ಬಂದ ಡಾಕ್ಟರಗ ಚಹಾ ಕೊಡ್ರಿ. ನಮ್ಮ ಮನ್ಯಾಗ ಒಲಿ ಹಚ್ಚಾಂಗಿಲ್ಲ, ಮಗ್ಗಲ ಮನ್ಯಾಗ ಹೇಳೀನಿ.'

ಮಗ್ಗಲ ಮನೆಯಾಕೆ ನಿಜವಾಗಿಯೂ ಥರ್ಮಾಸಿನಲ್ಲಿ ಚಹಾ ತಂದಳು. ಎರಡು ವರ್ಷದ ಹಿಂದೆಯೇ ಹೇಳಿಟ್ಟಿದ್ದಳಂತೆ. ಡಾಕ್ಟರಿಗೆ ಸಕ್ಕರೆ ಬೇರೆ ಕೊಡು, ಈಗಿನ ಡಾಕ್ಟರಿಗೆಲ್ಲ ಶುಗರ್ ಇರುತ್ತದೆ ಎಂದು. ಚಹಾ ಹಾಕಿಕೊಡುವಾಗ ಆಕೆ ಅಳುತ್ತಿದ್ದಳು, ಅಳುತ್ತಲೇ ನಕ್ಕಳು. ಡಾಕ್ಟರು ಸಕ್ಕರೆ ಬೇಡ ಎಂದರು.

ದಿವಸದ ದಿನ ಬಂದವರಲ್ಲಿ ನಮಗೆ ಗುರುತಿಲ್ಲದವರೇ ಹೆಚ್ಚು. ಒಬ್ಬ ಹೆಂಗಸು ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಳು. ಯಾರವ್ವಾ ನೀನು ಎಂದು ಅಕ್ಕ ವಿಚಾರಿಸಿದಳು. "ನಿಮ್ಮವ್ವಾರು ನನಗ ದಿನಾ ಬೈತಿದ್ರ‍್ರಿ. ಕೂಸಿಗೆ ಸೂಜಿ ಹಾಕ್ಸಿಲ್ಲ ಅಂತ ಬೈದ್ರು, ಪಾಸಬುಕ್ಕು ಗಂಡನ ಕೈಯಾಗ ಕೊಟ್ಟಿ ಅಂತ ಬೈದ್ರು. ಈಗ ನನಗ ಬಯ್ಯಾವರು ಯಾರೂ ಇಲ್ಲ" ಅಂದಳು. ಗುಡಿಯ ಕಟ್ಟೆಯ ಮೇಲಿನ ಭಾಷಣಗಳನ್ನೆಲ್ಲ ಒಂದು ಕಡೆ ಇಟ್ಟು, ಈ ಮಾತನ್ನು ಇನ್ನೊಂದು ಕಡೆ ಇಟ್ಟು ತೂಗಿದರೆ ತಕ್ಕಡಿ ಎತ್ತ ವಾಲುತ್ತದೆ ಎಂಬುದರಲ್ಲಿ ನಮ್ಮ ಮನೆಯವರಿಗೆ ಸಂದೇಹವಿಲ್ಲ.

ತ್ಯಾಗ ಮಾಡಿದವರ ನೆನಪು ಸ್ವಲ್ಪ ಭಾರ. ಅವರು ಕಳಕೊಂಡದ್ದು ನಮ್ಮಿಂದಾಗಿ ಎಂಬ ಅಳುಕು ಫೋಟೋದ ಜೊತೆಗೇ ಗೋಡೆಗೆ ತೂಗುತ್ತಿರುತ್ತದೆ. ಅವ್ವ ಅಂಥ ಯಾವ ಹೊರೆಯನ್ನೂ ಬಿಟ್ಟು ಹೋಗಲಿಲ್ಲ. ಮಂದಿಗೆ ಬೇಕಾದದ್ದೂ ತನಗೆ ಹಿಡಿಸಿದ್ದೂ ಒಂದೇ ಆಗಿಬಿಡುವ ಅದೃಷ್ಟ ಆಕೆಯದು. ನಾವು ನೆನೆಸಿಕೊಂಡು ಕೂತರೆ ಅಳುವಿಗಿಂತ ಮೊದಲು ನಗುವೇ ಬರುತ್ತದೆ.

ಬಿಟ್ಟು ಹೋದ ಹೊರೆ ಒಂದೇ, ಹಿಂದಿನ ಖೋಲಿಯದು. ಮಂಡಳದವರು ಬಂದು ವಹಿ ಹಿಡಿದು ಎಣಿಸಿದರು. ಪಾತ್ರೆ ಕಡಿಮೆ ಬಿದ್ದಾವೆಂದು ಅಂಜಿದ್ದೆವು, ಹೆಚ್ಚಿಗೆ ಬಿದ್ದವು. ಮದುವೆ ಮನೆಗಳಿಂದ ತಿರುಗಿ ಬರುವಾಗ ಯಾರ ಯಾರದೋ ಸೇರಿಕೊಂಡು ಬಂದಿವೆ. ಮಂಡಳದ ಲೆಕ್ಕಕ್ಕೆ ಸೇರದ ಎರಡು ಝಾರಾ, ಒಂದು ಹಿತ್ತಾಳೆಯ ಪರಾತ, ಅಂಚು ನೆಗ್ಗಿದ ಬೋಗಾಣಿ, ಹದಿನೇಳು ತಾಟು ನಮ್ಮ ಮನೆಯಲ್ಲಿವೆ. ಅಪ್ಪ ದಿನಾ ಸಂಜೆ ಕಟ್ಟೆಯ ಮೇಲೆ ಕೂತಿರುತ್ತಾರೆ. ಬಂದು ಗುರುತು ಹೇಳಿ ಒಯ್ಯಬಹುದು. ಚಹಾ ಕುಡಿದೇ ಹೋಗಬೇಕು, ಮತ್ತು ಮನೆಯ ಸುದ್ದಿ ಪೂರ್ತಿ ಹೇಳಬೇಕು. ವಹಿಯಲ್ಲಿ ಬರೆದುಕೊಳ್ಳುವ ಕೆಲಸವನ್ನು ಈಗ ಅಪ್ಪ ವಹಿಸಿಕೊಂಡಿದ್ದಾರೆ.